ಶಿರಸಿಯ ಗುರುವಾರದ ಊಟ: ಹೆಂಗಸರು ಕೂತು ಉಣ್ಣುವ ಜಾಗ

ಶಿರಸಿಯಲ್ಲಿ ಒಳ್ಳೆ ಊಟ ಸಿಗುವ ಜಾಗಕ್ಕೆ ಬರವಿಲ್ಲ. ಆದರೆ ಹೆಂಗಸರು ಬಂದು, ಕೂತು, ಬೇರೆಯವರು ಬಡಿಸಿದ್ದನ್ನು ಬಿಸಿ ಬಿಸಿ ಉಂಡು, ಆಮೇಲೆ ಒಂದು ತಾಸು ತಮ್ಮ ಮನಸ್ಸಿನ ಮಾತಾಡಿಕೊಂಡು ಹೋಗುವ ಜಾಗ ನನಗೆ ಗೊತ್ತಿರುವುದು ಇದೊಂದೇ. ದೇವಿಕೆರೆಯಿಂದ ನಡೆದೇ ಹೋಗಬಹುದು. ಹಳೇ ಮನೆ, ಮುಂದೆ ಜಗಲಿ, ಹಿಂದೆ ಅಡುಗೆಮನೆ, ಅದರಾಚೆ ಬಾಳೆಗಿಡ. ನಾಲ್ಕು ಜನ ಹೆಂಗಸರು ಸೇರಿ ನಡೆಸುತ್ತಾರೆ. ಉಳಿದ ದಿನ ಆರ್ಡರ್ ಮೇಲೆ ಅಡುಗೆ, ಹಪ್ಪಳ, ಉಪ್ಪಿನಕಾಯಿ, ಉಂಡೆ ಮಾಡಿಕೊಡುತ್ತಾರೆ. ಗುರುವಾರ ಮಧ್ಯಾಹ್ನ ಮಾತ್ರ ಎಲೆ ಹಾಕುತ್ತಾರೆ, ಅದೂ ಹೆಂಗಸರಿಗೆ ಮಾತ್ರ.

ಬೋರ್ಡು ಇಲ್ಲ. ಹೆಸರು, ನಂಬರು ಎಲ್ಲೂ ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಇಪ್ಪತ್ತೈದು ಎಲೆಗಿಂತ ಜಾಸ್ತಿ ಆದರೆ ಸುಧಾರಿಸುವುದು ಕಷ್ಟ, ಬಡಿಸುವಾಗ ಗಡಿಬಿಡಿ ಆಗುತ್ತದೆ, ಗಡಿಬಿಡಿ ಆದರೆ ಮಾಡಿದ್ದೇ ದಂಡ ಎನ್ನುವುದು ಅವರ ಮಾತು. ಅದಕ್ಕೆ ನಾನೂ ಹಾಕುತ್ತಿಲ್ಲ. ಶಿರಸಿಯಲ್ಲಿ ಯಾರಾದರೂ ಪರಿಚಯದವರಿದ್ದರೆ ಕೇಳಿ, ಎರಡನೆಯವರು ಹೇಳಿಬಿಡುತ್ತಾರೆ.

ಹೆಂಗಸರಿಗೆ ಮಾತ್ರ ಯಾಕೆ ಅಂತ ಕೆಲವರು ಕೇಳಿದರು. ನಮ್ಮ ಮನೆಗಳಲ್ಲಿ ಊಟ ಹೇಗೆ ನಡೆಯುತ್ತದೆ ನೋಡಿ. ಗಂಡಸರದ್ದು ಮೊದಲ ಪಂಕ್ತಿ, ಮಕ್ಕಳದ್ದು ಅದರ ಜೊತೆಗೆ, ಆಳುಕಾಳುಗಳಿಗೆ ಬಡಿಸಿ, ಅತ್ತೆಗೆ ಮೆತ್ತಗೆ ಅನ್ನ ಕಲಸಿಕೊಟ್ಟು, ಗ್ಯಾಸಿನ ಕಟ್ಟೆ ಒರೆಸಿ, ಆಮೇಲೆ ಪಾತ್ರೆಯ ತಳದಲ್ಲಿ ಉಳಿದ ಪಲ್ಯವನ್ನು ನಿಂತೇ ತಿನ್ನುವುದು. ಅಡಿಕೆ ಕೊಯ್ಲಿನ ದಿನಗಳಲ್ಲಂತೂ ಕೇಳುವುದೇ ಬೇಡ, ಮಧ್ಯಾಹ್ನದ ಊಟ ಮೂರೂವರೆಗೆ. ಸೊಪ್ಪು ತರಕಾರಿ ನಮ್ಮ ಹಿತ್ತಲಲ್ಲೇ ಇದೆ. ಅಡುಗೆಯೂ ನಾವೇ ಮಾಡುವುದು. ಆದರೂ ಎಲೆಗೆ ಬಂದು ಬೀಳುವಾಗ ಸೊಪ್ಪಿನ ಪಲ್ಯ ಖಾಲಿ, ಸಾರು ತಣ್ಣಗೆ, ಅನ್ನ ಮಾತ್ರ ಉಂಟು. ಆರೋಗ್ಯದ ಊಟ ಅಂತ ಎಷ್ಟು ಭಾಷಣ ಕೇಳಿದರೂ ಈ ಜಾಗದಲ್ಲಿ ಬದಲಾಗದೆ ಏನೂ ಉಪಯೋಗ ಇಲ್ಲ. ಇವರು ಕೈ ಹಾಕಿದ್ದು ಸರಿಯಾಗಿ ಅಲ್ಲಿಗೇ.

ಸರಿ, ಊಟದ ವಿಷಯಕ್ಕೆ ಬರುತ್ತೇನೆ.

ಒಳಗೆ ಹೋದ ಕೂಡಲೇ ಕೇಳುವುದು "ಆಸರಿಗೆ ಎಂತ ಬೇಕು?" ಅಂತ. ಬೇಸಿಗೆಯಲ್ಲಿ ಮುರುಗಲು ಪಾನಕ, ಉಳಿದ ಕಾಲದಲ್ಲಿ ಎಳ್ಳು ನೀರು. ಹುರಿದ ಎಳ್ಳು ಅರೆದು, ಜೋನಿ ಬೆಲ್ಲ ಹಾಕಿ, ಏಲಕ್ಕಿ ಸೋಕಿಸಿದ್ದು. ತೆಳ್ಳಗೆ ಮಾಡುತ್ತಾರೆ, ಸಿಹಿ ಕಡಿಮೆ. ಸಕ್ಕರೆ ಕಾಯಿಲೆ ಇದೆ ಅಂದರೆ ಬೆಲ್ಲ ಹಾಕದ ಮಜ್ಜಿಗೆ ಕೊಡುತ್ತಾರೆ, ಅದನ್ನು ಅವರೇ ಮೊದಲು ಕೇಳುತ್ತಾರೆ. ಬೆಲ್ಲ ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ನಮ್ಮ ಕಡೆ ಜೋರಾಗಿದೆ. ಜೋನಿ ಬೆಲ್ಲ ರುಚಿ ಹೌದು, ನನಗೂ ದೋಸೆಗೆ ಅದಿಲ್ಲದೆ ಆಗುವುದಿಲ್ಲ, ಆದರೆ ರಕ್ತದಲ್ಲಿ ಸಕ್ಕರೆ ಏರಿಸುವ ಕೆಲಸವನ್ನು ಅದೂ ಮಾಡುತ್ತದೆ.

ಆಮೇಲೆ ಬಾಳೆಲೆ. ಎಡತುದಿಗೆ ಉಪ್ಪು ಅಲ್ಲ, ಕೋಸಂಬರಿ ಮೊದಲು ಬರುತ್ತದೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನಕಾಯಿ ತುರಿ, ಲಿಂಬೆ. ಇಷ್ಟೇ ಇಷ್ಟು ಚಮಚದಲ್ಲಿ ಹಾಕಿ ಹೋಗುವ ಮದುವೆಮನೆ ಕೋಸಂಬರಿ ಅಲ್ಲ, ಒಂದು ಹಿಡಿ. ಅದು ಖಾಲಿ ಆಗುವವರೆಗೆ ಅನ್ನ ಬರುವುದಿಲ್ಲ. ಪಕ್ಕದಲ್ಲಿ ಪಲ್ಯ. ನಾನು ಹೋದಾಗ ಒಮ್ಮೆ ನುಗ್ಗೆಸೊಪ್ಪು, ಒಮ್ಮೆ ಹರಿವೆ, ಇನ್ನೊಮ್ಮೆ ಬಸಳೆ ಇತ್ತು. ಹರಿವೆಯ ದಂಟನ್ನು ಬಿಸಾಡದೆ ಹುರುಳಿ ಸಾರಿಗೆ ಹಾಕಿದ್ದರು, ಅದು ನನಗೆ ಬಹಳ ಇಷ್ಟವಾಯಿತು.

ಒಂದೆಲಗದ ತಂಬುಳಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಂದು ಹಿಡಿ ಎಲೆ, ಬೇರು ಸಮೇತ ಕಿತ್ತದ್ದು, ಮಣ್ಣು ಹೋಗುವವರೆಗೆ ಮೂರು ನೀರಿನಲ್ಲಿ ತೊಳೆದು ಇಟ್ಟಿದ್ದರು. ಸಣ್ಣ ಬಾಣಲೆಗೆ ಅರ್ಧ ಚಮಚ ತುಪ್ಪ, ಜೀರಿಗೆ, ನಾಲ್ಕು ಕಾಳುಮೆಣಸು. ಜೀರಿಗೆ ಸಿಡಿದ ಮೇಲೆ ಎಲೆ ಹಾಕಿ ಎರಡು ಸಲ ಮಗುಚಿದರು ಅಷ್ಟೆ, ಬಾಡಿದ್ದು ಕಂಡ ಕೂಡಲೇ ಇಳಿಸಿದರು. ಕಾಯಿತುರಿ ಜೊತೆ ನುಣ್ಣಗೆ ಅರೆದರು. ಮಜ್ಜಿಗೆ ಸೇರಿಸಿದ್ದು ಬಡಿಸುವ ಹೊತ್ತಿಗೆ, ಮೊದಲೇ ಅಲ್ಲ. ಮೊದಲೇ ಕಲಸಿಟ್ಟರೆ ಹುಳಿ ಏರುತ್ತದೆ, ಬಣ್ಣವೂ ಹೋಗುತ್ತದೆ. ಎಲೆಗೆ ಬರುವಾಗ ಎಳೆಹಸಿರು, ಮೇಲೆ ಒಂದು ಒಣಮೆಣಸಿನ ಒಗ್ಗರಣೆ. ಇದು ನೆನಪಿನ ಶಕ್ತಿಗೆ ಒಳ್ಳೆಯದು, ಅದಕ್ಕೆ ಒಳ್ಳೆಯದು, ಇದಕ್ಕೆ ಒಳ್ಳೆಯದು ಎಂದು ಯಾರೂ ಅಲ್ಲಿ ಹೇಳಲಿಲ್ಲ. ಸುಮ್ನೆ ಬಡಿಸಿದರು. ಬಿಸಿ ಅನ್ನಕ್ಕೆ ತಣ್ಣನೆ ತಂಬುಳಿ ಕಲಸಿ ಉಂಡರೆ ಹೊಟ್ಟೆ ಹಗುರ, ಮಧ್ಯಾಹ್ನದ ಮಂಪರು ಇಲ್ಲ.

ಅನ್ನದ ಅಳತೆ ನನಗೆ ಮೊದಲು ಕಡಿಮೆ ಅನ್ನಿಸಿತು. ಎರಡು ಸಲ ಬಡಿಸುತ್ತಾರೆ, ಎರಡೂ ಸಣ್ಣ ರಾಶಿ. ಕೇಳಿದರೆ ಮತ್ತೆ ಕೊಡುತ್ತಾರೆ, ಬೇಡ ಅನ್ನುವುದಿಲ್ಲ. ಆದರೆ ಅಷ್ಟರಲ್ಲಿ ಕೋಸಂಬರಿ, ಪಲ್ಯ, ಸಾರಿನ ಕಾಳು ಎಲ್ಲ ಹೊಟ್ಟೆಗೆ ಹೋಗಿರುವುದರಿಂದ ಕೇಳುವವರು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಇದೇ ಇದೆ: ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು. ನಮ್ಮದು ಉಲ್ಟಾ. ಎಲೆಯ ಮುಕ್ಕಾಲು ಅನ್ನ, ಪಲ್ಯ ನೆಂಚಿಕೊಳ್ಳಲು. ಇಲ್ಲಿ ಯಾವ ಚಾರ್ಟೂ ಗೋಡೆಗೆ ಅಂಟಿಸದೆ ಬಡಿಸುವ ಕ್ರಮ ಒಂದನ್ನು ಬದಲಿಸಿ ಅದನ್ನು ಸಾಧಿಸಿದ್ದಾರೆ.

ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲೇ ಮಾಡುತ್ತಾರೆ. ಹುಳಿ ಸೇರಿದ ಅಡುಗೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಆದರೆ ಅದರಲ್ಲೇ ಬಿಟ್ಟರೆ ಕಪ್ಪಾಗಿ ಕಮಟು ರುಚಿ ಬರುತ್ತದೆ, ಹಾಗಾಗಿ ಆದ ಕೂಡಲೇ ಬೇರೆ ಪಾತ್ರೆಗೆ ಸುರಿಯುತ್ತಾರೆ. ಕೊನೆಗೆ ಲಿಂಬೆ ಹಿಂಡುತ್ತಾರೆ. ಈ ಲಿಂಬೆ ಬರೀ ರುಚಿಗಲ್ಲ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ನಮ್ಮ ಮೈಗೆ ಹಿಡಿಯುವುದು ಕಡಿಮೆ, ಸಿ ಜೀವಸತ್ವ ಜೊತೆಗಿದ್ದರೆ ಜಾಸ್ತಿ ಹಿಡಿಯುತ್ತದೆ. ಕಬ್ಬಿಣದ ವಿಷಯ ನಾನು ಇಷ್ಟು ಎಳೆಯುತ್ತಿರುವುದಕ್ಕೆ ಕಾರಣ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನಕ್ಕೆ ರಕ್ತಹೀನತೆ. ದೇಶದ ಲೆಕ್ಕ ಶೇ 57. ಅಂದರೆ ನಮ್ಮ ಪಂಕ್ತಿಯಲ್ಲಿ ಕೂತ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಸಣ್ಣದಕ್ಕೆಲ್ಲ ಸಿಟ್ಟು, ಬೆಳಿಗ್ಗೆ ಏಳಲು ಮನಸ್ಸೇ ಬಾರದಿರುವುದು, ಇದನ್ನೆಲ್ಲ ನಾವು "ವಯಸ್ಸಾಯ್ತು" ಅಂತಲೋ "ಸೋಮಾರಿತನ" ಅಂತಲೋ ಬದಿಗೆ ಸರಿಸುತ್ತೇವೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ಸೋಮಾರಿತನ ಅಲ್ಲ.

ಇಲ್ಲಿ ಒಂದು ತಕರಾರು. ಊಟ ಮುಗಿದ ಕೂಡಲೇ ಕಾಫಿ ಕೊಡುತ್ತಿದ್ದರು. ಒಳ್ಳೆ ಕಾಫಿಯೇ. ಆದರೆ ಊಟದ ಬೆನ್ನಿಗೇ ಚಾ, ಕಾಫಿ ಕುಡಿದರೆ ಅಷ್ಟು ಕಾಳಜಿಯಿಂದ ಲಿಂಬೆ ಹಿಂಡಿದ್ದು ವ್ಯರ್ಥ, ಕಬ್ಬಿಣ ಹಿಡಿಯುವುದನ್ನು ಅದು ತಡೆಯುತ್ತದೆ. ಒಂದು ತಾಸಾದರೂ ಬಿಡಬೇಕು. ನಾನು ಹೇಳಿದೆ. ಬಡಿಸುತ್ತಿದ್ದ ಹಿರಿಯಕ್ಕ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಮಾತು ಮುಗಿದ್ಮೇಲೆ ಕೊಡನ" ಅಂದರು. ಮುಂದಿನ ಸಲದಿಂದ ಕಾಫಿ ಮೂರು ಗಂಟೆಗೆ ಹೋಯಿತು. ಹೇಳಿದ ಮಾತನ್ನು ಕೇಳುವ ಜಾಗ ಅನ್ನುವುದಕ್ಕೆ ಇದೊಂದು ಸಾಕು.

ಇನ್ನೊಂದು ತಕರಾರು ಬೇಳೆಯದ್ದು. ಹುರುಳಿ ಸಾರು ಮಾಡಿದ ದಿನ ಚೆನ್ನಾಗಿರುತ್ತದೆ, ಕಾಳು ಕಾಣುತ್ತದೆ. ತೊಗರಿಬೇಳೆ ಸಾರಿನ ದಿನ ಮಾತ್ರ ನೀರು ಜಾಸ್ತಿ, ಬೇಳೆ ಹುಡುಕಬೇಕು. ಸುಮಾರು 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಹತ್ತಿರ ಪ್ರೊಟೀನ್ ಬೇಕು. ಸಸ್ಯಾಹಾರದ ಮನೆಯಲ್ಲಿ ಅದು ಬರುವುದು ಬೇಳೆ, ಕಾಳು, ಹಾಲು ಮೊಸರಿನಿಂದ. ಅನ್ನ, ತೆಳು ಸಾರು, ನೀರು ಮಜ್ಜಿಗೆ ಇಷ್ಟರಿಂದ ಆಗುವುದಿಲ್ಲ. ಕೋಸಂಬರಿಗೆ ಇನ್ನೊಂದು ಹಿಡಿ ಹೆಸರುಬೇಳೆ ಹಾಕಿದರೂ ನಡೆಯುತ್ತದೆ. ಹಾಗೆಯೇ ಶುದ್ಧ ಸಸ್ಯಾಹಾರಿಗಳು ಬಿ12 ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅದು ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ, ಕಡಿಮೆಯಾದರೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ಮನಸ್ಸು ಕುಗ್ಗುವುದು ಎಲ್ಲ ಇದೆ.

ಕಾರವಾರದಲ್ಲಿರುವ ನನ್ನ ಅತ್ತಿಗೆಗೆ ಈ ಊಟದ ಫೋಟೋ ಕಳಿಸಿದ್ದೆ. "ಇದ್ರಲ್ಲಿ ಮೀನೆಲ್ಲಿ?" ಅಂತ ಕೇಳಿದಳು. ಇಲ್ಲ, ಇದು ಸಸ್ಯಾಹಾರದ ಅಡುಗೆಮನೆ. ಆದರೆ ಕರಾವಳಿಯವರು ಓದುತ್ತಿದ್ದರೆ ಒಂದು ಮಾತು: ನಿಮಗೆ ಮನೆಬಾಗಿಲಿಗೇ ಬರುವ ತಾರ್ಲೆ, ಬಂಗುಡೆ, ಅಘನಾಶಿನಿ, ಕಾಳಿ ನದಿಗಳ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಮೀನು ಇವೆಲ್ಲ ಚಿನ್ನದಂಥವು. ಮೀನು, ಬಳಚಿನ ಕಬ್ಬಿಣ ಸೊಪ್ಪಿನದ್ದಕ್ಕಿಂತ ಸುಲಭವಾಗಿ ಮೈಗೆ ಹಿಡಿಯುತ್ತದೆ, ಬಿ12 ಕೂಡ ಅದರಲ್ಲೇ ಸಿಗುತ್ತದೆ. ದುಬಾರಿ ಇಸ್ವಾಣವೇ ಬೇಕೆಂದಿಲ್ಲ. ಆದರೆ ಅಲ್ಲೂ ಅದೇ ಕತೆ, ಮೀನಿನ ನಡುಗಂಡ ಗಂಡಸರ ಬಟ್ಟಲಿಗೆ, ತಲೆ ಮತ್ತು ಗಸಿ ಮಾಡಿದವಳಿಗೆ. ಅತ್ತಿಗೆಗೆ ಅದನ್ನೇ ಬರೆದೆ. ಈಗ ಮೊದಲೇ ಒಂದು ತುಂಡು ತೆಗೆದಿಡುತ್ತಾಳಂತೆ.

ಊಟ ಆದ ಮೇಲೆ ಜಗಲಿಯಲ್ಲಿ ಚಾಪೆ ಹಾಸುತ್ತಾರೆ. ಇದೇ ಆ ಒಂದು ತಾಸು. ಆ ಹೊತ್ತಿನಲ್ಲಿ ನಡೆಯುವುದು ಸಕಾರಾತ್ಮಕ ಚಿಂತನೆ ಎಂದು ಮೊದಲು ಯಾರೋ ಹೇಳಿದಾಗ ನನಗೆ ಹೋಗಲು ಅಷ್ಟು ಮನಸ್ಸಿರಲಿಲ್ಲ. ಆ ಹೆಸರಲ್ಲಿ ಕೇಳುವುದೆಲ್ಲ "ನಗ್ತಾ ಇರಿ, ಎಲ್ಲ ಸರಿಯಾಗ್ತದೆ" ಅನ್ನುವ ಮಾತು. ಸಾಲ ಇದ್ದವರಿಗೆ, ಕುಡಿಯುವ ಗಂಡ ಇರುವವರಿಗೆ, ಎರಡು ವರ್ಷದಿಂದ ಮಲಗಿದಲ್ಲೇ ಇರುವ ಮಾವನನ್ನು ನೋಡಿಕೊಳ್ಳುವವರಿಗೆ ಆ ಮಾತು ಹೊಟ್ಟೆಗೂ ಹತ್ತುವುದಿಲ್ಲ, ಮನಸ್ಸಿಗೂ ಹತ್ತುವುದಿಲ್ಲ. ಇಲ್ಲಿ ನಡೆಸಿಕೊಡುವವರು ನಿವೃತ್ತ ಕನ್ನಡ ಶಾಲೆ ಟೀಚರು. ಎಲ್ಲರೂ ಅಕ್ಕೋರೆ ಅಂತಲೇ ಕರೆಯುತ್ತಾರೆ. ಅವರು ಕೇಳುವ ಪ್ರಶ್ನೆಗಳೇ ಬೇರೆ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಈ ವಾರ ನೀವು ಕೂತು, ಬಿಸಿ ಇರುವಾಗಲೇ ಉಂಡ ಊಟ ಯಾವುದು?" ನಾನು ಮೊದಲ ಸಲ ಹೋದ ದಿನ ಆ ಪ್ರಶ್ನೆಗೆ ಎಷ್ಟೋ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಒಬ್ಬರು "ಇವತ್ತಿಂದು" ಅಂದರು. ಇನ್ನೊಬ್ಬರು, ಬನವಾಸಿ ರಸ್ತೆ ಕಡೆಯಿಂದ ಬಸ್ಸಿಗೆ ಬರುವವರು, ಯೋಚಿಸಿ ಯೋಚಿಸಿ "ಅಪ್ಪನ ಮನೆಗೆ ಹೋದಾಗ" ಅಂದರು. ಅವರ ತಾಯಿ ತೀರಿಹೋಗಿ ಬಹಳ ಕಾಲವಾಗಿದೆ, ಅಲ್ಲಿ ಬಡಿಸಿದ್ದು ಎಪ್ಪತ್ತು ದಾಟಿದ ಅಪ್ಪ. ಅಕ್ಕೋರು ಏನೂ ವಿವರಣೆ ಕೊಡಲಿಲ್ಲ, ಪಟ್ಟಿಯಲ್ಲಿ ಬರೆದುಕೊಳ್ಳಿ ಅಂದರು ಅಷ್ಟೆ. ಹಾಂ, ಪ್ರತಿಯೊಬ್ಬರಿಗೂ ಒಂದು ಇನ್ನೂರು ಪುಟದ ಪಟ್ಟಿ, ಅಂದರೆ ನೋಟ್‌ಬುಕ್, ಕೊಡುತ್ತಾರೆ. ಮನೆಗೆ ಒಯ್ಯಬೇಕೆಂದಿಲ್ಲ, ಅಲ್ಲೇ ಕಪಾಟಿನಲ್ಲಿ ಇಡಬಹುದು. ಮನೆಯಲ್ಲಿ ಯಾರಾದರೂ ಓದಿಬಿಡುತ್ತಾರೆ ಎಂಬ ಹೆದರಿಕೆ ಇರುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಹೇಳಿ ಮುಗಿಯುವುದಿಲ್ಲ.

ಎರಡನೆಯದು ಒಂದು ಅಭ್ಯಾಸ. ಈ ವಾರ ನಿಮಗೆ ನೀವೇ ಬೈದುಕೊಂಡ ಒಂದು ಮಾತನ್ನು ಎಡಗಡೆ ಬರೆಯಿರಿ. "ನನ್ನಿಂದ ಯಾವುದೂ ಆಗೋದಿಲ್ಲ", "ನನ್ನ ಮೈ ನೋಡಿದರೆ ನನಗೇ ಅಸಹ್ಯ", ಹೀಗೆ. ಈಗ ಅದೇ ಮಾತನ್ನು ನಿಮ್ಮ ತಂಗಿ ಬಂದು ನಿಮ್ಮೆದುರು ಕೂತು ಹೇಳಿದಳು ಅಂದುಕೊಳ್ಳಿ. ಅವಳಿಗೆ ಏನು ಹೇಳುತ್ತೀರಿ? ಅದನ್ನು ಬಲಗಡೆ ಬರೆಯಿರಿ. ಮನಸ್ಸಿನ ಡಾಕ್ಟರುಗಳು, ಆಪ್ತಸಲಹೆಗಾರರು ಯೋಚನೆಯ ದಾರಿ ತಿದ್ದಲು ಬಳಸುವ ಕ್ರಮವೇ ಇದು, ಅಕ್ಕೋರು ಹೊಸದಾಗಿ ಹುಟ್ಟಿಸಿದ್ದಲ್ಲ. ಆದರೆ ಅದನ್ನು ನಮ್ಮ ಮಾತಲ್ಲಿ, ನಮ್ಮ ಜಗಲಿಗೆ ತಂದದ್ದು ಅವರ ದೊಡ್ಡತನ. ತಂಗಿಗೆ ಯಾರೂ "ನೀನು ದಂಡ" ಅಂತ ಬರೆಯಲಿಲ್ಲ. "ನಿಂಗೆ ಸುಸ್ತಾಗಿದೆ, ಎರಡು ದಿನ ನಮ್ಮಲ್ಲಿಗೆ ಬಾ" ಅಂತ ಒಬ್ಬರು ಬರೆದಿದ್ದರು. "ಮೊದ್ಲು ಉಣ್ಣು, ಆಮೇಲೆ ಮಾತಾಡನ" ಅಂತ ಮತ್ತೊಬ್ಬರು. ಒಳ್ಳೆಯ ಯೋಚನೆ ಅಂದರೆ ಕಷ್ಟವೇ ಇಲ್ಲ ಅಂತ ನಟಿಸುವುದಲ್ಲ, ಬೇರೆಯವರಿಗೆ ತೋರಿಸುವ ಕರುಣೆಯಲ್ಲಿ ಒಂದು ಪಾಲನ್ನು ತನಗೂ ಬಡಿಸಿಕೊಳ್ಳುವುದು. ಅನ್ನ ಬಡಿಸುವ ಕ್ರಮದಲ್ಲಿ ಇವರು ಮಾಡಿದ್ದನ್ನೇ ಇಲ್ಲಿ ಮನಸ್ಸಿಗೂ ಮಾಡುತ್ತಿದ್ದಾರೆ, ಅದಕ್ಕೇ ಎರಡೂ ಒಂದೇ ಮಧ್ಯಾಹ್ನದಲ್ಲಿ ಸರಿಯಾಗಿ ಕೂಡುತ್ತವೆ.

ಕೆಲವೊಮ್ಮೆ ಬರೆಯುವುದೇ ಇಲ್ಲ, ಹಾಡು. ಕೆಲಸಕ್ಕೆ ಬರುವ ಇಬ್ಬರು ಗದ್ದೆ ನೆಟ್ಟಿ ಹಾಡು ಚೆನ್ನಾಗಿ ಹೇಳುತ್ತಾರೆ, ಒಬ್ಬರು ಎತ್ತಿಕೊಂಡರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು, 2017ರಲ್ಲಿ ಪದ್ಮಶ್ರೀ ಪಡೆದವರು, ಅವರೇ ಊರ ಹೆಂಗಸರನ್ನು ಸೇರಿಸಿಕೊಂಡು ಸಾರಾಯಿ ವಿರುದ್ಧವೂ ನಿಂತವರು. ನಾಲ್ಕು ಹೆಂಗಸರು ಒಟ್ಟಿಗೆ ಕೂತರೆ ಎದೆಯ ಭಾರ ಇಳಿಯುತ್ತದೆ, ಧೈರ್ಯವೂ ಬರುತ್ತದೆ.

ಈಗ ನನಗೆ ಬಹಳ ಬೇಸರ ತಂದ ವಿಷಯ. ಒಂದು ಗುರುವಾರ ಹೊರಗಿನಿಂದ ಒಬ್ಬ ಉಪನ್ಯಾಸಕರನ್ನು ಕರೆಸಿದ್ದರು. ಒಳ್ಳೆ ಮಾತುಗಾರಿಕೆ. ಆದರೆ ಹೇಳಿದ್ದೇನು? ಯೋಚನೆ ಸರಿಯಿದ್ದರೆ ಥೈರಾಯ್ಡ್ ಬರುವುದೇ ಇಲ್ಲ, ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಬರುವುದು ಮನಸ್ಸಿನಲ್ಲಿ ಕಹಿ ತುಂಬಿಕೊಂಡವರಿಗೆ, ಮಾತ್ರೆ ನುಂಗುವುದು ಮನಸ್ಸಿನ ದುರ್ಬಲತೆ ಅಂತ. ಎದುರಿಗೆ ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕಮ್ಮಿಯೆಂದರೂ ಐದಾರು ಜನ ಇದ್ದಿರಬೇಕು. ನಾನು ಎದ್ದು ನಿಂತು, ಇದು ಸರಿಯಲ್ಲ ಎಂದೆ. ಥೈರಾಯ್ಡ್ ಗ್ರಂಥಿ ಹಾರ್ಮೋನು ಕಡಿಮೆ ಮಾಡಿದರೆ ಅದನ್ನು ಮಾತ್ರೆಯಿಂದ ತುಂಬಬೇಕು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಡಾಕ್ಟರು ಹೇಳಿದ ಹಾಗೆ. ಕಾಯಿಲೆ ಬಂದದ್ದಕ್ಕೆ ಹೆಂಗಸಿನ ಯೋಚನೆಯೇ ಕಾರಣ ಅಂದರೆ ಅವಳ ತಲೆಗೆ ಇನ್ನೊಂದು ಹೊರೆ ಹೊರಿಸಿದ ಹಾಗೆ, ಅದರಲ್ಲಿ ಸಕಾರಾತ್ಮಕ ಎಂಥದ್ದು? ಅವರು ಉತ್ತರ ಕೊಡಲಿಲ್ಲ. ಅಕ್ಕೋರು ಆಮೇಲೆ ಎಲ್ಲರ ಮುಂದೆ, ಯಾರೂ ಮಾತ್ರೆ ಬಿಡಬೇಡಿ, ಅಂಥವರನ್ನು ಮತ್ತೆ ಕರೆಸುವುದಿಲ್ಲ ಅಂದರು. ಮಾತು ಉಳಿಸಿಕೊಂಡಿದ್ದಾರೆ.

ಆ ಘಟನೆ ಆದ ಮೇಲೆ ನಾನು ಒಂದು ಕಾಗದ ಅಂಟಿಸಲು ಕೇಳಿಕೊಂಡೆ, ಅದು ಈಗ ಕೈತೊಳೆಯುವ ಜಾಗದ ಮೇಲೆ ಇದೆ: ಟೆಲಿ ಮಾನಸ್, 14416. ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸಹಾಯವಾಣಿ, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜಗಲಿಯ ಮಾತು ಬಹಳ ಜನಕ್ಕೆ ಸಾಕಾಗುತ್ತದೆ, ಎಲ್ಲರಿಗೂ ಅಲ್ಲ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಬಾಣಂತಿಯರ ವಿಷಯದಲ್ಲಿ ಇನ್ನೂ ಹುಷಾರು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ "ದೃಷ್ಟಿ ಆಗಿದೆ" ಅಂತ ಕಾಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಾಣಂತಿಗೆ ಅದು ನಂಜು, ಇದು ಥಂಡಿ ಎಂದು ಸೊಪ್ಪು, ಹಣ್ಣು, ನೀರು ಎಲ್ಲ ಬಂದ್ ಮಾಡುವುದೂ ನಿಲ್ಲಬೇಕು. ಹಾಲೂಡಿಸುವವಳಿಗೆ ಬೇಕಾಗುವುದು ಜಾಸ್ತಿ ಊಟ.

ಬಾಗಿಲ ಹತ್ತಿರ ಒಂದು ಸಣ್ಣ ಕಪಾಟಿನಲ್ಲಿ ಮಾರಾಟಕ್ಕೆ ಸಾಮಾನು ಇಟ್ಟಿರುತ್ತಾರೆ. ರಾಗಿ ಹುರಿಹಿಟ್ಟು ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ರಾಗಿಯನ್ನು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದ್ದು. ಸಕ್ಕರೆ, ಹಾಲಿನ ಪುಡಿ ಏನೂ ಇಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಆಚೆಈಚೆ ಇರುವವರಿಗೆ ಮೂಳೆಯ ಚಿಂತೆ ಶುರುವಾಗುವುದರಿಂದ ಬೆಳಿಗ್ಗೆ ಚಾ ಜೊತೆ ಬಿಸ್ಕತ್ತು ತಿನ್ನುವ ಬದಲು ಒಂದು ಲೋಟ ಇದನ್ನು ಕಾಯಿಸಿ ಕುಡಿಯುವುದು ಎಷ್ಟೋ ಮೇಲು. ಮಜ್ಜಿಗೆಗೆ ಉಪ್ಪು ಹಾಕಿ ಕಲಸಿದರೂ ಚೆನ್ನ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎರಡೂ ರುಚಿಯಲ್ಲಿ ಎತ್ತಿದ ಕೈ, ಅಪ್ಪೆಮಿಡಿಯ ಪರಿಮಳ ಭರಣಿ ಮುಚ್ಚಳ ತೆಗೆದ ಕೂಡಲೇ ಬರುತ್ತದೆ. ಆದರೆ ಬಿಪಿ ಇರುವವರು ಅಳತೆ ನೋಡಿ, ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅನ್ನುತ್ತಾರೆ, ಉಪ್ಪಿನಕಾಯಿ ಹಪ್ಪಳ ಎರಡೂ ದಿನಾ ತಿಂದರೆ ಅಲ್ಲೇ ಅದರ ಒಂದು ದೊಡ್ಡ ಪಾಲು ಮುಗಿಯುತ್ತದೆ.

ಎಳ್ಳುಂಡೆಯ ಡಬ್ಬದ ಮೇಲೆ "ರಕ್ತ ಹೆಚ್ಚಿಸುವ ಉಂಡೆ" ಎಂದು ಬರೆದಿರುವುದು ಮಾತ್ರ ತೆಗೆಯಬೇಕು. ಉಂಡೆ ಚೆನ್ನಾಗಿದೆ, ಎಳ್ಳು ಒಳ್ಳೆಯದು, ನಾನೇ ತಂದು ಮಕ್ಕಳಿಗೆ ಕೊಡುತ್ತೇನೆ. ಆದರೆ ಒಂದು ಉಂಡೆಯಲ್ಲಿ ಹತ್ತು ಗ್ರಾಂ ಎಳ್ಳಿದ್ದರೆ ಅದರಿಂದ ಬರುವ ಕಬ್ಬಿಣ ಸುಮಾರು ಒಂದೂವರೆ ಮಿಲಿಗ್ರಾಂ. ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ, ಗಂಡಸಿಗೆ 19. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದವಳು ಈ ಡಬ್ಬ ನೋಡಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಯಾರು ಹೊಣೆ? ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿ ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಲಿಂಬೆ ನೀರಿನ ಜೊತೆ ತಗೊಳ್ಳಬೇಕು, ಹಾಲು ಚಾ ಜೊತೆ ಅಲ್ಲ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ, ಹೊಟ್ಟೆ ತೊಳಸಿದರೆ ಬಿಡುವ ಮೊದಲು ಡಾಕ್ಟರನ್ನು ಕೇಳಿ. ಲೇಬಲ್ ಬದಲಿಸುವ ವಿಷಯ ಹೇಳಿದ್ದೇನೆ, ಹಳೇ ಲೇಬಲ್ ಮುಗಿಯಲಿ ಅಂದಿದ್ದಾರೆ. ಬೇಗ ಮುಗಿಯಲಿ.

ಅನುಕೂಲಗಳ ಬಗ್ಗೆ ಹೇಳುವುದಾದರೆ, ಊಟ ಮತ್ತು ಮಾತು ಸೇರಿ 120 ರೂಪಾಯಿ. ಇಷ್ಟಕ್ಕೆ ಪೇಟೆಯಲ್ಲಿ ಬರೀ ಊಟ ಸಿಗುವುದೂ ಈಗ ಕಷ್ಟ. ಕೊಡಲು ಆಗದವರು ಕೊಡಬೇಕಾಗಿಲ್ಲ, ಯಾರೂ ಕೇಳುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಜಗಲಿಗೆ ಹತ್ತುವ ಕಲ್ಲಿನ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಏನೂ ಇಲ್ಲ. ಮಂಡಿನೋವಿನವರಿಗೆ ಕಷ್ಟ, ಮಳೆಯಲ್ಲಿ ಜಾರುತ್ತದೆ. ಒಂದು ಕಬ್ಬಿಣದ ಸಲಾಕೆ ಹಾಕಿಸಿದರೆ ಎಷ್ಟೋ ಜನ ವಯಸ್ಸಾದವರು ಬರಬಹುದು. ನೆಲಕ್ಕೆ ಕೂರಲು ಆಗದವರಿಗೆ ಬೆಂಚು ಮೇಜು ಇದೆ, ಕೇಳಬೇಕು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ನಾಲ್ವರಲ್ಲಿ ಒಬ್ಬರು ಆ ಹೊತ್ತಿಗೆ ಮಕ್ಕಳನ್ನು ಹಿತ್ತಲಿಗೆ ಒಯ್ದು ಆಡಿಸುತ್ತಾರೆ. ಮಗುವಿಗೆ ತುತ್ತಿಡುತ್ತಾ ತನ್ನ ಎಲೆ ತಣ್ಣಗಾಗಲು ಬಿಟ್ಟ ಒಬ್ಬಳು ಹುಡುಗಿಯ ತೊಡೆಯಿಂದ ಮಗುವನ್ನು ಎತ್ತಿಕೊಂಡು ಆ ಹಿರಿಯಕ್ಕ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ: "ತಂಗೀ, ಸಾವಕಾಶ ಉಣ್ಣು. ಬಡಸಲೆ ಯಂಗ ಇದ್ದ್ಯ." ಬಡಿಸಲು ನಾವಿದ್ದೇವೆ ಅಂತ.

ಹಿಂದಿನ ದಿನ ಸಂಜೆ ಐದರೊಳಗೆ ಬರುವುದಾಗಿ ಹೇಳಿಡಬೇಕು, ಆ ಲೆಕ್ಕಕ್ಕೇ ಅಕ್ಕಿ ಹಾಕುವುದು. ಊಟ ಹನ್ನೆರಡೂವರೆಗೆ ಸರಿಯಾಗಿ. ಹಬ್ಬದ ವಾರ ಮತ್ತು ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಇರುವುದಿಲ್ಲ. ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬರುವವರು ಬೆಳಗಿನ ಬಸ್ಸು ಹಿಡಿದು ಪೇಟೆ ಕೆಲಸ ಮುಗಿಸಿಕೊಂಡು ಹೋದರೆ ಹೊತ್ತು ಹೊಂದುತ್ತದೆ. ಕುಮಟೆಯವರು ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ಹೇಗಿದೆ ಅಂತ ವಿಚಾರಿಸಿಕೊಂಡೇ ಹೊರಡಿ. ಕೆಸುವಿನ ಸೊಪ್ಪಿನ ಕರಕಲಿ ತಿನ್ನಬೇಕು ಅಂತಿದ್ದರೆ ಆಷಾಢದಲ್ಲಿ ಹೋಗಿ, ಸೊಪ್ಪು ಎಳೆಯದಿರುತ್ತದೆ, ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ, ಗಂಟಲು ತುರಿಸುವುದಿಲ್ಲ.